ಒಂದೂಕಾಲು ಸುತ್ತು

"ಓ ಭಾಯ್! ತಲಿ ಕೆಟ್ಟೈತೇನ್ ನಿಂದು? ದೋಣಿ ದಂಡಿಗೆ ತರ್ತೀಯೋ, ಇಲ್ಲಾ ನಾ ಹಾಯಿ ಇಲ್ಲೇ ಒಗದು ಹೋಗ್ಲೋ?"

ಹಸೀಬಾ ಕೂಗಿದ್ದು ಇದು ನಾಲ್ಕನೆಯ ಸಲ.

ಮುನಿರಾಬಾದಿನ ಹಿನ್ನೀರಿನ ದಂಡೆ. ಜನವರಿಯ ಬಿಸಿಲಾದರೂ ನೆತ್ತಿ ಸುಡುತ್ತಿತ್ತು. ಅವಳ ಕಾಲ ಬುಡದಲ್ಲಿ, ಹರಿದಲ್ಲೆಲ್ಲ ಹೊಸದಾಗಿ ಹೊಲಿದು ತಂದ ಹಾಯಿಯ ದೊಡ್ಡ ಗಂಟು. ಗಂಗಾವತಿಯಿಂದ ಟಂಟಂ ಆಟೋ ಮೇಲೆ ಹೇರಿಕೊಂಡು ಬಂದದ್ದು. ಎದುರಿಗೆ ನೀರಿನ ನಡುವೆ, ಹಾಯಿಯಿಲ್ಲದ ಬೋಳು ಕಂಬದ ಬಿಳಿ ದೋಣಿಯೊಂದು ಸಣ್ಣ ಮೋಟರಿನ ಮೇಲೆ ಸುಮ್ಮನೆ ತಿರುಗುತ್ತಿತ್ತು.

ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಒಂದು ಸುತ್ತು... ಮತ್ತೊಂದು ಸುತ್ತು...

"ಮುಂಜಾನಿಂದ ಹಿಂಗ ಐತವ್ವಾ," ಎಂದ ದೋಣಿ ಕಾಯುವ ಹುಸೇನಪ್ಪ, ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ. "ಗಾಣದೆತ್ತು ತಿರುಗಿದ್ರ ಎಣ್ಣಿನಾದ್ರೂ ಬರ್ತೈತಿ. ಇಂವ ತಿರುಗಿದ್ರ ಏನ್ ಬರ್ತೈತೋ, ಆ ಹುಲಿಗೆವ್ವಗ ಗೊತ್ತು."

ಕಡೆಗೂ ದೋಣಿ ದಂಡೆಗೆ ಬಂತು. ಚುಕ್ಕಾಣಿ ಹಿಡಿದಿದ್ದವನು ಕಪ್ಪಗೆ, ತೆಳ್ಳಗೆ, ಗಂಟಿಕ್ಕಿದ ಹುಬ್ಬು. ಅವನು ಹಾಯಿಯ ಗಂಟನ್ನು ನೋಡಲೇ ಇಲ್ಲ. ದೋಣಿಗೆ ಕಾಲಿಟ್ಟ ಹಸೀಬಾಳ ಹೆಗಲಿನ ಚೀಲಕ್ಕೇ ಕೈಹಾಕಿ, ಕಿತ್ತು, ದಂಡೆಯ ಮೇಲೆ ಕುಕ್ಕಿದ!

ಕತ್ತರಿ, ಸೂಜಿಡಬ್ಬಿ, ನೆಲಕ್ಕೆ ಬಿದ್ದ ಸೂಜಿ ಆರಿಸಲು ಇಟ್ಟುಕೊಂಡಿದ್ದ ಹಳೆಯ ಸ್ಪೀಕರಿನ ಅಯಸ್ಕಾಂತ, ಎಲ್ಲವೂ ಮರಳಿನಲ್ಲಿ ಚೆಲ್ಲಾಪಿಲ್ಲಿ.

"ಏ! ನನ್ನ ಸಾಮಾನ ಮುಟ್ಟಾಕ ನೀ ಯಾರೋ?"

"ಕಬ್ಬಿಣ ತಗೊಂಡು ದೋಣಿ ಹತ್ತಾಕ ನೀ ಯಾರು?" ಅವನೂ ಅಷ್ಟೇ ಜೋರಾಗಿ ಒದರಿದ. "ಮುಂಜಾನಿಂದ ತಿರುಗೀನಿ. ಒಂದ್ ಕ್ಷಣಕ್ಕ ಎಲ್ಲಾ ಮಣ್ಣುಪಾಲು ಮಾಡ್ತಿದ್ದಿ!"

ಹಸೀಬಾಳ ಕಣ್ಣಲ್ಲಿ ನೀರು ಬಂತು. ಅಳುವಿನದ್ದಲ್ಲ, ಸಿಟ್ಟಿನದ್ದು. ಅವನಿಗೆ ಅದು ಕಂಡಿತೋ ಏನೋ... ಕೆಳಗಿಳಿದು, ಮಂಡಿಯೂರಿ, ಒಂದೊಂದೇ ಸೂಜಿಯನ್ನು ಆರಿಸಿ ಡಬ್ಬಿಗೆ ಹಾಕಿದ. ಆಮೇಲೆ ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು, "ಬಾ ಇಲ್ಲೆ. ತೋರಸ್ತೀನಿ," ಎಂದ.

ದೋಣಿಯ ಒಳಗೆ, ಕೂರುವ ಹಲಗೆಯ ಕೆಳಗೆ, ಸಾಬೂನಿನ ಡಬ್ಬಿಯಷ್ಟು ಒಂದು ಕಪ್ಪು ಪೆಟ್ಟಿಗೆ.

"ಇದು ದೋಣಿಯ ದಿಕ್ಸೂಚಿ. ಉತ್ತರ ಯಾ ಕಡೆ ಅಂತ ಇದು ಹೇಳ್ತೈತಿ. ಇದು ಹೇಳಿದಂಗ ಆಟೋಪೈಲಟ್ ಚುಕ್ಕಾಣಿ ತಿರುಗಸ್ತೈತಿ. ಮನಶಾರ ಕೈ ಬೇಕಾಗಿಲ್ಲ. ಈಗ ಆ ಪರದೆ ನೋಡು."

ಪರದೆಯ ಮೇಲೆ ತೊಂಬತ್ತು ಎಂದಿತ್ತು. ಅವನು ಅಯಸ್ಕಾಂತವನ್ನು ಪೆಟ್ಟಿಗೆಯ ಹತ್ತಿರ ಒಯ್ದ. ಅಂಕಿ ನೂರಾಯಿತು... ನೂರಿಪ್ಪತ್ತಾಯಿತು... ನೂರನಲವತ್ತು!

"ದೋಣಿ ಅಲುಗ್ಯಾಡ್ತೇನು?"

"ಇಲ್ಲ..." ಹಸೀಬಾ ಬಾಯ್ತೆರೆದಳು.

"ದೋಣಿ ಇದ್ದಲ್ಲೇ ಐತಿ. ಉತ್ತರಾನ ಸುಳ್ಳಾತು. ಅದಕ್ಕ ಮದ್ಲ ಇದನ್ನ ಹದಕ್ಕ ತರಬೇಕು. ದೋಣಿಯೊಳಗ ಎಲ್ಲೆಲ್ಲಿ ಕಬ್ಬಿಣ ಐತಿ, ಎಷ್ಟೆಷ್ಟು ಎಳೀತೈತಿ ಅಂತ ಇದಕ್ಕ ತಿಳೀಬೇಕು. ಸಾವಕಾಶ ತಿರುಗಬೇಕು. ಒಂದ್ ಸುತ್ತಿಗೆ ಎರಡು ನಿಮಿಷ. ಒಂದೂಕಾಲು ಸುತ್ತು."

"ಒಂದು ಸುತ್ತು ಸಾಕಲ್ಲ? ಆ ಕಾಲು ಯಾಕ?"

"ಹೊಂಟಲ್ಲಿಗೆ ತಿರುಗಿ ಬಂದ್ರ ಸಾಲಂಗಿಲ್ಲ. ದಾಟಿ ಒಂದೀಟು ಮುಂದ ಹೋಗ್ಬೇಕು. ಆಗ ಇದಕ್ಕ ನಂಬಿಕಿ ಬರ್ತೈತಿ."

ಹಸೀಬಾ ಅವನ ಮುಖ ನೋಡಿದಳು. ಬೈಯಬೇಕೆಂದು ನಾಲಿಗೆ ತುದಿಗೆ ತಂದುಕೊಂಡಿದ್ದ ಮಾತು ಎಲ್ಲಿ ಹೋಯಿತೋ!

"ನಿನ್ನ ಹೆಸರೇನು ಭಾಯ್?"

"ಮುಜೀಬ. ಭಾಯ್ ಅನಬ್ಯಾಡ... ಇದ್ದಾಕಿ ಒಬ್ಬಾಕಿ ಅಕ್ಕನ ಸಾಕಾಗ್ಯಾಳ."

* * *

ಆ ದೋಣಿ ಗೋವೆಯಿಂದ ಲಾರಿಯ ಮೇಲೆ ಬಂದ ಹಳೆಯ ಹಾಯಿದೋಣಿ. ಹಿನ್ನೀರಿನಲ್ಲಿ ಹಾಯಿ ಕಲಿಸುವ ಕೇಂದ್ರ ಮಾಡುತ್ತೇವೆಂದು ಒಂದು ಖಾಸಗಿ ಸಂಸ್ಥೆ ಅದನ್ನು ತರಿಸಿತ್ತು. ಹಾಯಿ ಹೊಲಿಯುವ ಕೆಲಸ ಹಸೀಬಾಳ ಅಪ್ಪ ನಜೀರಸಾಬನಿಗೆ ಸಿಕ್ಕಿತ್ತು. ಗಂಗಾವತಿಯ ರೈಸ್ ಮಿಲ್ಲುಗಳಿಗೆ ಭತ್ತ ಒಣಗಿಸುವ ತಾಡಪತ್ರಿ ಹೊಲಿಯುವ ಮನೆತನ. ಅಪ್ಪನ ಕಣ್ಣು ಮಂಜಾದ ಮೇಲೆ ಮಷಿನ್ ತುಳಿಯುವವಳು ಹಸೀಬಾ.

ದೋಣಿಯ ಯಂತ್ರಗಳ ಕೆಲಸ ಮುಜೀಬನದು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಗೋವೆಯಲ್ಲಿ ಹನ್ನೊಂದು ವರ್ಷ ದೋಣಿ ತೊಳೆದು, ತಂತಿ ಎಳೆದು, ದೋಣಿಯ ಮಾಲಕರು ಬೈದದ್ದನ್ನೆಲ್ಲ ನುಂಗಿ, ಕೈಯಿಂದಲೇ ವಿದ್ಯೆ ಕಲಿತವನು. ಆದರೆ ಕೆಲಸ ಮುಗಿದ ಮೇಲೆ ಕಾಗದಕ್ಕೆ ಸಹಿ ಹಾಕುತ್ತಿದ್ದವನು ಸಂಸ್ಥೆಯ ಇಂಜಿನಿಯರ್ ಸಾಹೇಬ. ಆ ಸಾಹೇಬನಿಗೆ ಚುಕ್ಕಾಣಿಯ ಎಡಬಲವೂ ನೆಟ್ಟಗೆ ತಿಳಿಯುತ್ತಿರಲಿಲ್ಲ.

ಈ ಲೋಕ ಹಾಗೆಯೇ. ಸಾಲಿ ಬಿಟ್ಟವನ ಕೈ ಬೇಕು, ಹೆಸರು ಬೇಡ.

ಹಾಯಿಯ ಅಳತೆ ಸರಿಮಾಡುವ ನೆಪದಲ್ಲಿ ಹಸೀಬಾ ಹನ್ನೆರಡು ದಿನ ಬಂದಳು. ನಿಜಕ್ಕೂ ಬೇಕಾಗಿದ್ದದ್ದು ಮೂರು ದಿನ!

ಬಂದಾಗಲೆಲ್ಲ ಕತ್ತರಿ, ಸೂಜಿಡಬ್ಬಿ, ಅಯಸ್ಕಾಂತ ಹುಸೇನಪ್ಪನ ವಶ. "ಪೊಲೀಸ್ ಠಾಣೆದಾಗ ಬಂದೂಕು ಇಟ್ಟಂಗ ಇಡ್ತಿ ನೋಡವ್ವಾ," ಎಂದು ಅವನು ನಗುತ್ತಿದ್ದ.

ಒಂದು ದಿನ ಮುಜೀಬ ನೀರಿನಲ್ಲಿ ಎರಡು ಕೆಂಪು ಡ್ರಮ್ಮು ತೇಲಿಬಿಟ್ಟು, ಅವುಗಳ ನಡುವೆ ದೋಣಿಯನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಓಡಿಸಿದ. ವೇಗದ ಮೀಟರು ಸರಿ ಹೇಳುತ್ತದೋ ಇಲ್ಲವೋ ಎಂದು ನೋಡಲು.

"ಒಂದ್ ಸಲ ಹೋದ್ರ ಸಾಕಾಗಂಗಿಲ್ಲೇನು?" ಎಂದಳು ಹಸೀಬಾ.

"ಹೋಗೂದೊಂದನ್ನ ಅಳದ್ರ ಗಾಳಿ ಸುಳ್ಳು ಹೇಳಸ್ತೈತಿ. ಬರೂದನ್ನೂ ಅಳೀಬೇಕು. ಎರಡೂ ಕೂಡಿಸಿದ್ರನ ಖರೇ ಲೆಕ್ಕ."

"ಎಲ್ಲಾದಕ್ಕೂ ಒಂದ್ ಲೆಕ್ಕ ಇಟ್ಟೀಯಲ್ಲ... ನನಗೂ ಐತೇನು?"

ಅವನು ಮೀಟರಿನ ಮೇಲೆ ಬಗ್ಗಿದ. ಕಿವಿ ಮಾತ್ರ ಕೆಂಪಾದವು.

ನಜೀರಸಾಬನಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಕೂಗಾಡಲಿಲ್ಲ ಆತ. ಮಷಿನ್ನಿಗೆ ಎಣ್ಣೆ ಬಿಡುತ್ತ ಇಷ್ಟೇ ಅಂದ: "ಹುಡುಗ ಛಲೋ ಅದಾನ. ಖರೆ, ಕೆಲಸ ಕಾಯಂ ಇಲ್ಲ. ಆರ್ಡರ್ ಕಾಗದ ತಂದು ತೋರಸ್ಲಿ. ಬರೂ ಶುಕ್ರವಾರನ ಮದುವಿ ಮಾತು ಮುಗಸೂಣು."

ಸಾಹೇಬನೂ ಮಾತು ಕೊಟ್ಟಿದ್ದ. ದೊಡ್ಡವರ ಎದುರಿಗೆ ದೋಣಿ ತನ್ನಷ್ಟಕ್ಕೆ ತಾನೇ ಎರಡು ಡ್ರಮ್ಮುಗಳ ನಡುವೆ ಹಾಯ್ದು ತೋರಿಸಿದರೆ ಸಾಕು, ಮುಜೀಬನಿಗೆ ಕಾಯಂ ಕೆಲಸ.

ಪರೀಕ್ಷೆ ಬುಧವಾರ. ಮಾತು ಶುಕ್ರವಾರ. ನಡುವೆ ಒಂದೇ ದಿನ!

ಮಂಗಳವಾರ ಇಳಿಹೊತ್ತಿಗೆ ಮುಜೀಬ ಕಡೆಯ ಒಂದೂಕಾಲು ಸುತ್ತು ಮುಗಿಸಿದ. ತಪ್ಪು ಬರೀ ಎರಡು ಡಿಗ್ರಿ. ಅವನು ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದ.

"ಇಮಾಮ್ ಜಾಮಿನ್ ತಂದೀನಿ," ಎಂದಳು ಹಸೀಬಾ ಮೆಲ್ಲಗೆ. ಹಸಿರು ಬಟ್ಟೆಯಲ್ಲಿ ನಾಣ್ಯ ಕಟ್ಟಿ, ದೂರ ಹೋಗುವವರ ರಟ್ಟೆಗೆ ಕಟ್ಟುವ ರಕ್ಷೆ. ಅವಳ ದಾದಿ, ಅಪ್ಪನ ತಾಯಿ ಗೌಸಬೀ, ಮನೆಯ ಗಂಡಸರು ಊರು ದಾಟಿದಾಗಲೆಲ್ಲ ಕಟ್ಟುತ್ತಿದ್ದಳು. "ಮೊಹರಮ್ ಪಂಜಾಗಳ ಐದು ಹೆಸರಿಗೆ ಐದು ನಾಣ್ಯ ಇಟ್ಟೀನಿ. ಕೈ ಕೊಡು."

"ನಾಳೆ ಸಾಹೇಬ ನೋಡಿ ನಗ್ತಾನ. ಮದುವ್ಯಾಗ ಕಟ್ಟುವಂತಿ, ಇಟ್ಕೋ," ಎಂದು ನಕ್ಕು, ಹಗ್ಗ ಸುತ್ತಲು ಹೋದ ಮುಜೀಬ.

ಹಸೀಬಾ ಒಬ್ಬಳೇ ನಿಂತಳು. ಕೈಯಲ್ಲಿ ಹಸಿರು ಗಂಟು.

ಇವನು ಎಲ್ಲಿಗೆ ಹೊರಟಾನು... ನಾಳೆ ಹೊರಡುವುದು ದೋಣಿ! ದಾರಿ ತಪ್ಪದಂತೆ ಕಾಯಬೇಕಾದದ್ದು ದೋಣಿಯನ್ನು. ದೋಣಿಯ ರಟ್ಟೆ ಯಾವುದು?

ಅವಳು ಹಲಗೆ ಎತ್ತಿದಳು. ಕಪ್ಪು ಪೆಟ್ಟಿಗೆ ಕಣ್ಣಿಗೆ ಬಿತ್ತು.

ಕಬ್ಬಿಣ ಆಗದು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಬಟ್ಟೆಗೆ ಚುಚ್ಚಿದ್ದ ಪಿನ್ನನ್ನು ಬಿಚ್ಚಿ, ದುಪಟ್ಟಾದ ಸೆರಗಿಗೆ ಸಿಕ್ಕಿಸಿಕೊಂಡಳು. ಹಾಯಿ ಹೊಲಿದುಳಿದ ದಾರದಿಂದ ಪೆಟ್ಟಿಗೆಗೆ ಮೂರು ಸುತ್ತು ಹಾಕಿ, ಗಂಟು ಬಿಗಿದು, ಬಿಸ್ಮಿಲ್ಲಾ ಎಂದಳು.

ರೊಕ್ಕ ರೊಕ್ಕವೇ. ಅದನ್ನು ಕಬ್ಬಿಣವೆಂದು ಯಾರು ತಿಳಿದಾರು?

* * *

ಬುಧವಾರ ಹಾಯಿ ಗಾಳಿ ತುಂಬಿಕೊಂಡು ಬೆಳ್ಳಗೆ ಉಬ್ಬಿತು. ದಂಡೆಯಿಂದ ಹಸೀಬಾಳಿಗೆ ತನ್ನ ಹೊಲಿಗೆಯ ಗೆರೆಯೂ ಕಾಣುತ್ತಿತ್ತು.

ದೋಣಿಯಲ್ಲಿ ಮುಜೀಬ, ಸಾಹೇಬ, ನಾಲ್ಕು ಜನ ದೊಡ್ಡವರು. ಸಾಹೇಬ ಗುಂಡಿ ಒತ್ತಿ, "ನೋಡಿ, ಯಾರೂ ಮುಟ್ಟುತ್ತಿಲ್ಲ!" ಎಂದು ಎರಡೂ ಕೈ ಮೇಲೆತ್ತಿದ. ಮೊಬೈಲುಗಳೂ ಮೇಲೆದ್ದವು.

ದೋಣಿ ನೆಟ್ಟಗೆ ಹೊರಟಿತು. ನೆಟ್ಟಗೆ... ಡ್ರಮ್ಮುಗಳ ಕಡೆಗಲ್ಲ!

ಎಡಕ್ಕೆ ಎಳೆಯುತ್ತಿತ್ತು. ಅಲ್ಲಿ ಬೇಸಿಗೆಯಲ್ಲಷ್ಟೇ ತಲೆ ತೋರಿಸುವ, ಮುಳುಗಡೆಯಾದ ಊರಿನ ಹಳೆಯ ಕಲ್ಲುಕಟ್ಟೆ. ಮುಂದೆ ನಿಂತಿದ್ದ ಮುಜೀಬ ಚುಕ್ಕಾಣಿಯ ಕಡೆಗೆ ಓಡಿಬಂದ. "ಮುಟ್ಟಬೇಡ! ಯಂತ್ರ ತಾನೇ ತಿರುಗಿಸುತ್ತೆ!" ಎಂದು ಸಾಹೇಬ ಅವನ ಎದೆಗೆ ಕೈಯೊಡ್ಡಿದ್ದು ದಂಡೆಯ ತನಕ ಕೇಳಿಸಿತು.

ಧಡಾರ್!

ಕಂಬ ಮುರಿದು, ಹಾಯಿ ಹೆಣದ ಬಟ್ಟೆಯ ಹಾಗೆ ನೀರ ಮೇಲೆ ಹಾಸಿಕೊಂಡಿತು. ಒಬ್ಬರ ಹಣೆ ಒಡೆದಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೊಂದೇ ಪುಣ್ಯ.

ದಂಡೆಗೆ ಬಂದ ಮೇಲೆ ಸಾಹೇಬನ ಬಾಯಿ ಬಿಚ್ಚಿತು. "ಏಳನೇ ಕ್ಲಾಸು ಓದಿದವನಿಗೆ ಯಂತ್ರ ಕೊಟ್ಟದ್ದು ನನ್ನ ತಪ್ಪು! ನಿನ್ನೆ ದೋಣಿಯೊಳಗೆ ಯಾರ್ಯಾರು ಬಂದಿದ್ದರು? ಆ ಹೊಲಿಗೆಯವರು ಬಂದಿದ್ದರಾ?"

"ಯಾರೂ ಬಂದಿಲ್ಲ," ಎಂದ ಮುಜೀಬ. ಅವನ ಬಲಗೈ ಪ್ಯಾಂಟಿನ ಜೇಬಿನೊಳಗಿತ್ತು. ಮುಷ್ಟಿ ಕಟ್ಟಿದಂತಿತ್ತು. "ನನ್ನ ಕೈ ತಪ್ಪು ಸಾಹೇಬ್ರ. ನಂದೊಬ್ಬಂದ."

ಹಸೀಬಾ ಓಡಿಹೋಗಿ ಎದುರು ನಿಂತಳು. "ಮುಜೀಬ... ಎರಡ ಡಿಗ್ರಿ ಅಂದಿದ್ದಿ. ಚಪ್ಪಾಳಿ ತಟ್ಟಿದ್ದಿ! ಏನಾತು?"

ಅವನು ಅವಳ ಕಣ್ಣು ನೋಡಲಿಲ್ಲ.

"ಮನಿಗೆ ಹೋಗು. ನಿಮ್ಮಪ್ಪಗ ಹೇಳು, ಬ್ಯಾರೆ ಕಡೆ ಹುಡುಗನ್ನ ನೋಡ್ಲಿ. ನನ್ನ ದಾರಿ ಕಾಯಬ್ಯಾಡ."

"ಕೆಲಸ ಹೋದ್ರ ಹೋಗ್ಲಿ! ಶುಕ್ರವಾರ ಬಂದು ಅಬ್ಬಾನ ಮುಂದ ಕೂತು..."

"ಬರಂಗಿಲ್ಲ ಅಂದ್ನೆಲ್ಲ! ಕಿವಿ ಕೇಳಂಗಿಲ್ಲೇನು?"

ಅಷ್ಟು ಜನರ ಎದುರಿಗೆ! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಶುಕ್ರವಾರ ಅವಳು ಹೊಸ ಸಲ್ವಾರ್ ತೊಟ್ಟು ಕೂತಳು. ಮಧ್ಯಾಹ್ನದ ಜುಮ್ಮಾ ನಮಾಜ್ ಮುಗಿಯಿತು. ಇಳಿಹೊತ್ತಿನ ಅಸರ್ ಮುಗಿಯಿತು. ಶೀರಕುರ್ಮಾ ಆರಿ, ಮೇಲೆ ಕೆನೆ ಕಟ್ಟಿತು.

ಬರಲಿಲ್ಲ.

* * *

ಹನ್ನೊಂದು ತಿಂಗಳು.

ಕುಡಿದು ದೋಣಿ ಹೊಡೆದನಂತೆ ಎಂದರು ಜನ. ಗೋವೆಯಲ್ಲಿ ಅವನಿಗೆ ಒಬ್ಬಳು ಇದ್ದಾಳಂತೆ ಎಂದರು. ಹಸೀಬಾ ಯಾವುದಕ್ಕೂ ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಮಷಿನ್ ತುಳಿದಳು. ಹಾಯಿ ಹೊಲಿದುಳಿದ ಬಿಳಿಯ ಬಟ್ಟೆಯಲ್ಲಿ ಹಿಟ್ಟಿನ ಚೀಲ ಹೊಲಿದು ಮಾರಿದಳು. ಅವನ ನೆನಪಿಗೆ ಅಷ್ಟೇ ಬೆಲೆ ಎಂದುಕೊಂಡಳು.

ಆದರೆ ಮಿಲ್ಲಿನ ಅಂಗಳದಲ್ಲಿ ತಾಡಪತ್ರಿ ಗಾಳಿಗೆ ಉಬ್ಬಿದಾಗ... ಎದೆ ಯಾಕೆ ಹಿಂಡುತ್ತದೆ?

ಒಂದು ಮಧ್ಯಾಹ್ನ ಅಂಗಡಿಗೆ ಮುಜೀಬನ ಅಕ್ಕ ಜರೀನಾ ಬಂದಳು. ಕೈಯಲ್ಲಿ ತಳ ಹರಿದ ಕ್ಯಾನ್ವಾಸ್ ಚೀಲ.

"ತಮ್ಮಂದು. ವಿರೂಪಾಪುರ ಗಡ್ಡ್ಯಾಗ ತೆಪ್ಪ ಹಾಕ್ತಾನ ಈಗ. ಗೋವಾಕ್ಕ ಕರದ್ರೂ ಹೋಗಂಗಿಲ್ಲ, ಯಂತ್ರ ಮುಟ್ಟಂಗಿಲ್ಲ. ಆ ಚೀಲ ಒಗದಿದ್ದ, ನಾನ ಎತ್ತಿ ತಂದೀನಿ. ನೀ ಹೊಲದ್ರ ಹೊಲಿ, ಇಲ್ಲಂದ್ರ ಗಟಾರಕ್ಕ ಒಗಿ. ನಿನ್ನ ಸಿಟ್ಟು ನನಗ ಗೊತ್ತೈತವ್ವಾ."

"ಗಿರಾಕಿ ಗಿರಾಕಿನ, ಆಪಾ. ಇಟ್ಟು ಹೋಗ್ರಿ," ಎಂದಳು ಹಸೀಬಾ ಒಣದನಿಯಲ್ಲಿ.

ತಳ ಬಿಚ್ಚಿದಳು. ಒಳಗಿನ ಅಸ್ತರು ಹರಿದು ಎರಡು ಪದರದ ನಡುವೆ ಏನೋ ಗಂಟು ಸಿಕ್ಕಿತು. ಎಳೆದಳು.

ಹಸಿರು ಬಟ್ಟೆ!

ಅವಳದೇ ಗಂಟು. ಅವಳದೇ ಹಾಯಿಯ ದಾರ, ಬ್ಲೇಡಿನಿಂದ ಕೊಯ್ದದ್ದು. ಗಂಟು ಸಡಿಲಿ ಐದೂ ನಾಣ್ಯ ಮೇಜಿನ ಮೇಲೆ ಉರುಳಿದವು. ಒಂದು, ಸೂಜಿಗಳ ನಡುವೆ ಬಿದ್ದಿದ್ದ ಅಯಸ್ಕಾಂತದ ಹತ್ತಿರ ಹೋಯಿತು.

ಟಕ್!

ಕಚ್ಚಿಕೊಂಡಿತು.

ಹಸೀಬಾ ಎರಡನೆಯದನ್ನು ತಾನೇ ಸರಿಸಿದಳು. ಟಕ್. ಮೂರನೆಯದು. ನಾಲ್ಕನೆಯದು. ಐದನೆಯದು...

ದೋಣಿ ಇದ್ದಲ್ಲೇ ಐತಿ, ಉತ್ತರಾನ ಸುಳ್ಳಾತು...

ಅವನ ಬಲಗೈ! ಜೇಬಿನೊಳಗಿನ ಮುಷ್ಟಿ! ಅದರೊಳಗೆ ಇದೇ ಇತ್ತು!

"ಯಾ ಅಲ್ಲಾಹ್..." ಅವಳು ಮಷಿನ್ನಿನ ಮೇಲೆ ತಲೆಯಿಟ್ಟಳು. "ನಾನ! ನಾನ ಕಟ್ಟಿದ್ದು!"

* * *

ಅವಳು ಮೊದಲು ಹೋದದ್ದು ಅವನ ಹತ್ತಿರ ಅಲ್ಲ. ಅಪ್ಪನ ಎದುರು ನಾಣ್ಯ ಇಟ್ಟು ಎಲ್ಲ ಹೇಳಿದಳು. ಅಲ್ಲಿಂದ ನೆಟ್ಟಗೆ ಹಿನ್ನೀರಿಗೆ.

ದೋಣಿ ದಂಡೆಯ ಮೇಲೆ ಪಕ್ಕಕ್ಕೆ ಮಲಗಿತ್ತು. ಮೇಲೆ ಹೊದಿಸಿದ್ದು ಅವಳೇ ಹೊಲಿದ ತಾಡಪತ್ರಿ! ಹುಸೇನಪ್ಪ ಎಲ್ಲ ಕೇಳಿ ಬಹಳ ಹೊತ್ತು ಅಗಿಯುವುದನ್ನೇ ಮರೆತ.

"ಒಂದ್ ಮಾತು ಹೇಳ್ಲೇನವ್ವಾ? ಆವತ್ತು ಮುಂಜಾನಿ ಆ ಹುಡುಗ ಸಾಹೇಬಗ ಕೈ ಮುಗದ. 'ಹೊರಡೂಕಿಂತ ಮದ್ಲ ಒಂದ್ ಸುತ್ತು ತಿರುಗಿ ನೋಡ್ತೀನ್ರಿ, ಬರೀ ಮೂರು ನಿಮಿಷ' ಅಂದ. ಸಾಹೇಬ ಬ್ಯಾಡಂದ. ದೊಡ್ಡವರು ಕಾಯಾಕತ್ತಾರ, ಗಾಣದೆತ್ತಿನಂಗ ತಿರುಗೂದು ಅವರಿಗೆ ತೋರಸ್ತೀಯೇನು ಅಂದ. ಗಾಣದೆತ್ತು ಅನ್ನೂದು ನನ್ನ ಮಾತು. ನನ್ನ ಬಾಯಿಂದನ ಕಲ್ತಿದ್ದ, ಭಾಡ್ಯಾ!"

ಮೂರು ನಿಮಿಷ. ಆ ಮೂರು ನಿಮಿಷ ಕೊಟ್ಟಿದ್ದರೆ ಪರದೆಯ ಮೇಲೆ ತಪ್ಪು ಅಲ್ಲೇ ಕಾಣುತ್ತಿತ್ತು!

ಸಂಸ್ಥೆಯ ಕಚೇರಿಯಲ್ಲಿ, ಅವಳು ಎಲ್ಲ ಹೇಳಿ ಮುಗಿಸಿದರೂ ಸಾಹೇಬ ಕುರ್ಚಿಯಿಂದ ಏಳಲಿಲ್ಲ. ನಾಣ್ಯಗಳನ್ನು ಪೆನ್ನಿನ ತುದಿಯಿಂದ ಸರಿಸಿ ನೋಡಿದ.

"ವರದಿ ಹೋಗಿ ವರ್ಷವಾಗುತ್ತ ಬಂತು. ಕೆಲಸಗಾರನ ಅಜಾಗರೂಕತೆ ಅಂತ ಬರೆದಾಗಿದೆ. ಈಗ ಏನು ತಿದ್ದೋದು?"

"ಅಂವ ಸುತ್ತು ಕೇಳಿದ್ದ. ನೀವು ಬ್ಯಾಡಂದ್ರಿ. ಅದನ್ನೂ ಬರದೀರೇನ್ರಿ?"

ಸಾಹೇಬ ಫೋನು ಕಿವಿಗಿಟ್ಟುಕೊಂಡ. ಆಚೆ ಕಡೆ ಯಾರೂ ಇರಲಿಲ್ಲ.

ಹಸೀಬಾ ಐದೂ ನಾಣ್ಯ ಆರಿಸಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತು ಅಂದಳು: "ಹಾಯಿ ಹರದ್ರ ತೇಪಿ ಹಚ್ಚಬಹುದು ಸಾಹೇಬ್ರ. ನಿಮ್ಮ ವರದಿಗೆ ತೇಪಿನೂ ನಿಂದ್ರಂಗಿಲ್ಲ. ಅಷ್ಟು ಕೊಳತೈತಿ."

* * *

ವಿರೂಪಾಪುರಗಡ್ಡೆಯ ದಂಡೆ. ಮರುದಿನ ಬೆಳಗ್ಗೆ. ಭತ್ತದ ಗದ್ದೆಯಿಂದ ಹಸಿ ವಾಸನೆ. ನೀರಿನಲ್ಲಿ ಬುಟ್ಟಿಯಂಥ ದುಂಡು ತೆಪ್ಪ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಒಳಗೆ ಹುಟ್ಟು ಹಿಡಿದ ಮುಜೀಬ, ಇನ್ನೂ ಕರಗಿ, ಇನ್ನೂ ಕಪ್ಪಾಗಿ.

ಹಸೀಬಾ ಮಾತಾಡದೆ ಹೋಗಿ ತೆಪ್ಪದಲ್ಲಿ ಕೂತಳು.

ಅವನು ಬೆಚ್ಚಿದ. "ಇಳಿ."

"ರೊಕ್ಕ ಕೊಡ್ತೀನಿ. ದಾಟಸು."

"ಹಸೀಬಾ, ಇಳಿ ಅಂದೆ."

ಅವಳು ಹಸಿರು ಬಟ್ಟೆ ತೆಗೆದು ತೊಡೆಯ ಮೇಲೆ ಹಾಸಿದಳು. ಮುಜೀಬನ ಕೈಯ ಹುಟ್ಟು ಜಾರಿತು. ತೆಪ್ಪ ಹಗ್ಗ ಬಿಚ್ಚಿಕೊಂಡು ತಾನೇ ತಾನಾಗಿ ನೀರಿಗೆ ಸರಿಯಿತು.

"ಎಷ್ಟು ದಿನ ಮುಚ್ಚಿಡಬೇಕಂತಿದ್ದಿ?"

"ಸಾಯೂತನಕ."

"ಯಾಕ?"

"ಯಾಕ ಅಂತೀಯಲ್ಲ!" ಅವನ ದನಿ ಒಡೆಯಿತು. "ಹಸಿರು ಬಟ್ಟಿ, ಐದು ನಾಣ್ಯ, ಗಂಟು! ಅವರ ಕಣ್ಣಿಗೆ ಅದು ರಕ್ಷಾ ಅಲ್ಲ, ಮಾಟ. ಸಂಜೀಕ ಎಲ್ಲಾರ ಫೋನಿನ್ಯಾಗ ನಿನ್ನ ಮಾರಿ ತಿರುಗತಿತ್ತು. ನಿಮ್ಮಪ್ಪನ ಅಂಗಡಿ ಮುಂದ ಮಂದಿ ನಿಂದ್ರತಿದ್ರು. ಸಾಲಿ ಬಿಟ್ಟಾವ ತಪ್ಪು ಮಾಡಿದ ಅಂದ್ರ ಎಲ್ಲಾರೂ ನಂಬ್ತಾರ. ನನಗ ಅದು ರೂಢಿ ಐತಿ. ನಿನಗ ಇಲ್ಲ."

"ನನಗರ ಹೇಳಬೇಕಿತ್ತಲ್ಲ!"

"ಹೇಳಿದ್ರ ನೀ ಬಾಯಿ ಮುಚ್ಚಿಕೊಂಡು ಕೂಡ್ರತಿದ್ಯಾ?"

ಕೂರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತು.

"ಮತ್ತ..." ಅವನು ನೀರು ನೋಡುತ್ತ ಅಂದ, "ಸಿಟ್ಟೂ ಇತ್ತು. ಖರೇನ ಹೇಳ್ತೀನಿ. ಹನ್ನೊಂದು ವರ್ಷ ಕಲ್ತಿದ್ದನ್ನ ಒಂದ್ ಗಂಟಿನ್ಯಾಗ ಮುಳುಗಿಸಿದಿ ಅಂತ ನಿನ್ನ ದಿನಾ ಬೈತಿದ್ದೆ. ಬೈದು, ಆಮ್ಯಾಲ ಆ ಗಂಟು ತಗದು ಕಣ್ಣಿಗೊತ್ತಿಕೊಂತಿದ್ದೆ. ಹುಚ್ಚು ಹಿಡದಿತ್ತು ನನಗ. ಕಡೀಕ ಚೀಲಾನ ಒಗದೆ."

ಹಸೀಬಾ ಬಿಕ್ಕಿದಳು. ಮರುಕ್ಷಣವೇ ಅವನ ಎದೆಗೆ ಗುದ್ದಿದಳು! ತೆಪ್ಪ ವಾಲಾಡಿತು.

"ತಪ್ಪು ನಂದು! ಅದನ್ನ ಹೊರಾಕ ನೀ ಯಾರು? ಹನ್ನೊಂದು ತಿಂಗಳು ನಿನಗ ಶಾಪ ಹಾಕಿಸಿದಿ ನನ್ನ ಬಾಯಿಂದ! ಶುಕ್ರವಾರ ಸಂಜಿತನಕ ಬಾಗಲಾ ನೋಡಿದೆ... ಹೋದಾವನ ಬೆನ್ನು ನೋಡಿ ಲೆಕ್ಕ ಹಾಕಿದೆ, ಇಂವ ಸುಳ್ಳ ಅಂತ. ಬರೂದನ್ನೂ ಅಳೀಬೇಕಂತ ನೀನ ಹೇಳಿದ್ದಿ. ನೀ ತಿರುಗಿ ಬರಲೇ ಇಲ್ಲ, ನಾ ಹೆಂಗ ಅಳೀಲಿ?"

ಮುಜೀಬ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು.

"ಸಾಹೇಬಗ ಹೇಳಿದೆ," ಎಂದಳು ಅವಳು ಕಣ್ಣೊರೆಸಿಕೊಂಡು. "ಕೇಳಲಿಲ್ಲ. ನಿನ್ನ ಕೆಲಸ ತಿರುಗಿ ಬರಂಗಿಲ್ಲ. ಹೆಸರೂ ಬರಂಗಿಲ್ಲ."

"ಗೊತ್ತೈತಿ."

"ಅಬ್ಬಾಗೂ ಹೇಳಿದೆ. ಅಲ್ಲಿ ನೋಡು."

ದಂಡೆಯ ಬೇವಿನ ಗಿಡದ ಕೆಳಗೆ, ಬಾಡಿಗೆ ಆಟೋ ಪಕ್ಕದಲ್ಲಿ, ನಜೀರಸಾಬ ಟೋಪಿ ಸರಿಮಾಡಿಕೊಳ್ಳುತ್ತ ಮಂಜುಗಣ್ಣಿನಿಂದ ನೀರಿನ ಕಡೆಗೇ ನೋಡುತ್ತ ಕೂತಿದ್ದ.

"ಏನಂದ್ರು?" ಮುಜೀಬ ದಂಡೆಯ ಕಡೆಗೇ ನೋಡುತ್ತ ಕೇಳಿದ.

"'ಕಾಗದ ಕೇಳಿ ತಪ್ಪು ಮಾಡಿದೆ. ಮನಶಾನ್ನ ಕೇಳಬೇಕಿತ್ತು' ಅಂದ. ಆಮ್ಯಾಲ, 'ಹತ್ತು ನಿಮಿಷ ಕೊಡ್ತೀನಿ, ಬೈಯೂದಿದ್ರ ಬೈದು ಕರಕೊಂಡು ಬಾ' ಅಂದ."

ಮುಜೀಬ ಅಳುವಿನ ನಡುವೆ ನಕ್ಕ. ಹನ್ನೊಂದು ತಿಂಗಳ ಮೇಲಿನ ಮೊದಲ ನಗು, ಸವಕಲು, ತುಕ್ಕು ಹಿಡಿದದ್ದು.

"ಕೈ ಕೊಡು," ಎಂದಳು ಹಸೀಬಾ.

ಹಸಿರು ಬಟ್ಟೆಯಲ್ಲಿ ಈಗ ಒಂದೇ ನಾಣ್ಯವಿತ್ತು. ಗೌಸಬೀ ದಾದಿಯ ಪೆಟ್ಟಿಗೆಯ ತಳದಿಂದ ತೆಗೆದ ಹಳೆಯ ರೂಪಾಯಿ, ದಪ್ಪನೆಯದು. ಹಸೀಬಾ ಚೀಲದಿಂದ ಅಯಸ್ಕಾಂತ ತೆಗೆದು ಅದರ ಮೇಲಿಟ್ಟಳು. ಎತ್ತಿದಳು. ನಾಣ್ಯ ಬಟ್ಟೆಯ ಮೇಲೇ ಉಳಿಯಿತು.

"ಗಲ್ಲಾದಾಗಿನ ಎಲ್ಲಾ ನಾಣ್ಯಕ್ಕೂ ಹಚ್ಚಿ ನೋಡಿದೆ. ಹೊಸಾವು ಒಂದು, ಎರಡರವು ಎಲ್ಲಾ ಕಚ್ಚಿಕೊಂಡ್ವು. ಈ ಮುದುಕಿ ಒಬ್ಬಾಕಿನ ಯಾರಿಗೂ ಬಗ್ಗಲಿಲ್ಲ."

ಅವನ ರಟ್ಟೆಗೆ ಕಟ್ಟಿದಳು. ಪಿನ್ನಿಲ್ಲ, ಬರೀ ಗಂಟು. ಅವನು ಆ ಗಂಟಿನ ಮೇಲೆ, ಅವಳ ಬೆರಳುಗಳ ಮೇಲೆ ತನ್ನ ಕೈಯಿಟ್ಟ.

"ತೆಪ್ಪಾ ಹಾಕಾವಗ ಹೂಂ ಅಂತೀಯೇನು ಹಸೀಬಾ? ದಿಕ್ಕ ಇಲ್ಲದ ಬುಟ್ಟಿ ಇದು."

"ಆ ದಿಕ್ಸೂಚಿ ಇದ್ದ ದೋಣಿ ಕಲ್ಲಿಗೆ ಬಡೀತು. ಬುಟ್ಟಿನ ಛಲೋ."

"ಏ ಹಸೀಬಾ!" ದಂಡೆಯಿಂದ ನಜೀರಸಾಬನ ಕೂಗು. "ಹತ್ತು ನಿಮಿಷ ಆಗಿ ಹೋತು!"

"ಒಂದ ಸುತ್ತು, ಅಬ್ಬಾ! ಬಂದ್ವಿ!"

ಮುಜೀಬ ಹುಟ್ಟು ಹಿಡಿದ. ತೆಪ್ಪ ಮೆಲ್ಲಗೆ ತಿರುಗತೊಡಗಿತು.

"ಒಂದಲ್ಲ," ಎಂದ ಅವನು. "ಒಂದೂಕಾಲು."

"ಆ ಕಾಲು ಯಾಕ?"

"ಮರತೀಯೇನು?"

"ಮರತಿಲ್ಲ. ಆದ್ರೂ ನೀ ಹೇಳು."

ಅವನು ಹೇಳಿದ. ಅವಳು ಅವನ ರಟ್ಟೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಸಾವಕಾಶ ತಿರುಗ್ಸು, ಮುಜೀಬ... ಒಂದು ಸುತ್ತಿಗೆ ಎರಡು ನಿಮಿಷ."